ಅಕ್ಕನಿಗೆ ನಾನೇ ತಂದೆಯಾದದ್ದು

"ಎಂಟೇ ದಿನದಾಗ ಮಾಡಿ ಕಳಸ್ತೀನಿ" ಎಂದು ಫೋನಿನಲ್ಲಿ ಅಕ್ಕನಿಗೆ ಮಾತು ಕೊಟ್ಟೆ. ಮಸ್ಕಿಯ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷದಿಂದ ಗುಮಾಸ್ತನಾಗಿ, ಸಾವಿರಾರು ಮಕ್ಕಳ ಜನ್ಮದಿನಾಂಕ ಬರೆದ ಕೈ ನನ್ನದು.

ಅಕ್ಕ ನಂದಿನಿ ಅಮೆರಿಕದ ಆಸ್ಪತ್ರೆಯೊಂದರಲ್ಲಿ ನರ್ಸು. ಅಲ್ಲಿನ ಪೌರತ್ವ ಸಿಕ್ಕಿದೆ, ಇನ್ನು ಅವ್ವ ಗದ್ದೆಮ್ಮನನ್ನು ಕರೆಸಿಕೊಳ್ಳಬೇಕು. ಆಕೆಯೇ ತನ್ನ ತಾಯಿ ಎಂದು ತೋರಿಸಲು ಅಕ್ಕನ ಜನನ ಪ್ರಮಾಣಪತ್ರ ಬೇಕಂತೆ, ಅದರಲ್ಲಿ ಅವ್ವನ ಹೆಸರು ಇರಲೇಬೇಕಂತೆ.

"ಆಕಿ ಮಾರಿ ನೋಡಿದ್ರ ಗೊತ್ತಾಗಂಗಿಲ್ಲೇನು?" ಎಂದಳು ಅವ್ವ.

ಆರು ವರ್ಷದಿಂದ ಆ ಮುಖವನ್ನು ಅವ್ವ ಫೋನಿನಲ್ಲಷ್ಟೇ ನೋಡಿದ್ದಾಳೆ. ಮಾತು ಮುಗಿದ ಮೇಲೂ ಕಪ್ಪಾದ ಪರದೆಯನ್ನು ಸೆರಗಿನಿಂದ ಒರೆಸುತ್ತ ಕೂರುತ್ತಾಳೆ.

ಅಕ್ಕ ಹುಟ್ಟಿದ್ದು ಗುರುಗುಂಟಾದ ಅಜ್ಜಿ ಮನೆಯಲ್ಲಿ. ಅಲ್ಲಿನ ರಜಿಸ್ಟರಿನಲ್ಲಿ ಆ ವರ್ಷದ ಊರ ಕೂಸುಗಳೆಲ್ಲ ಇದ್ದವು, ನಮ್ಮಕ್ಕ ಇರಲಿಲ್ಲ. ದಾಖಲೆ ಇಲ್ಲ ಎಂಬುದಕ್ಕೊಂದು ದಾಖಲೆ ಪಡೆಯಲು ಹನ್ನೊಂದು ದಿನ ಹಿಡಿಯಿತು. ಜನನ ಪ್ರಮಾಣಪತ್ರದ ಬದಲು ಅದನ್ನೇ ಕಳಿಸಬಹುದಂತೆ; ಜೊತೆಗೆ, ಅಕ್ಕ ಹುಟ್ಟಿದ್ದನ್ನು ಬಲ್ಲ ಇಬ್ಬರ ಅಫಿಡವಿಟ್ ಬೇಕು. ಒಬ್ಬಳು ಅವ್ವ, ಇನ್ನೊಬ್ಬಳು ಹೆರಿಗೆ ಮಾಡಿಸಿದ ರಾಜಾಬೀ.

ಇಬ್ಬರನ್ನೂ ಲಿಂಗಸುಗೂರಿನ ಟೈಪಿಂಗ್ ಅಂಗಡಿಗೆ ಕರೆದೊಯ್ದೆ. ಹುಟ್ಟಿದ ದಿನ ಕೇಳಿದರೆ ಎಂಬತ್ತರ ರಾಜಾಬೀ, "ತಾರೀಖು ಯಾರಿಗಿ ಗೊತ್ತಪಾ. ಕೂಸು ಅಳಲಿಲ್ಲ. ಉಲ್ಟಾ ಹಿಡದು ಬೆನ್ನಿಗಿ ಬಡದೆ. ಅದು ಅಳೂದ್ರಾಗ ನಿಮ್ಮವ್ವನೇ ಅತ್ತಳು" ಎಂದಳು. ಅವ್ವ ಆಕೆಯ ಕೈ ಹಿಡಿದುಕೊಂಡು ಕುಳಿತಳು, ಬಿಡಲೇ ಇಲ್ಲ.

ನಾನು ಆ ಎರಡು ಕೈಗಳನ್ನೇ ನೋಡುತ್ತಿದ್ದೆ. ಟೈಪಿಸ್ಟ್ ಶಾಕೀರ್ "ತಂದಿ ಹೆಸರು?" ಎಂದದ್ದು ಅರ್ಧ ಕೇಳಿಸಿ, "ನಿಂಗರಾಜ" ಎಂದು ನನ್ನ ಹೆಸರನ್ನೇ ಹೇಳಿದೆ. ಓದಿಯೂ ನೋಡದೆ ನೋಟರಿ ಮಾಡಿಸಿ, ಸ್ಕ್ಯಾನ್ ಮಾಡಿ ಕಳಿಸಿದೆ.

ಮರುದಿನ ಅಕ್ಕನ ಫೋನು. "ಲೇ ನಿಂಗ್ಯಾ, ನೀ ನನಗಿಂತ ನಾಕು ವರ್ಷ ಸಣ್ಣಾವ. ನನಗ ತಂದಿ ಯಾವಾಗ ಆದಿ?"

ನಗುತ್ತಿದ್ದಳು. ನಗು ನಡುವೆಯೇ ನಿಂತಿತು. "ಇನ್ನ ಎಷ್ಟು ದಿನಾನೋ? ಅವ್ವಗ ಖೋಲಿ ತಯಾರ ಮಾಡಿ ದಾರಿ ಕಾಯಾಕತ್ತೀನಿ."

ತಿದ್ದಿಸಲು ಮತ್ತೆ ರಾಜಾಬೀ ಬೇಕು. ಆಕೆ ಹಟ್ಟಿಯಲ್ಲಿರುವ ಮಗಳ ಮನೆಗೆ ಹೋಗಿದ್ದಳು. ನಾಳೆ ಹೋದರಾಯಿತು ಎನ್ನುತ್ತ ಮೂರು ವಾರ ತಳ್ಳಿದೆ.

"ಹಟ್ಟಿ ಏನು ಅಮೆರಿಕಾದಾಗ ಐತೇನ್ರೀ?" ಎಂದಳು ಹೆಂಡತಿ ಸಂಘಮಿತ್ರಾ.

"ಆಫೀಸಿನ್ಯಾಗ ಕೆಲಸ ಭಾಳ ಐತಿ."

"ಕೆಲಸ ಅಲ್ಲ. ಅತ್ತಿ ಹೋಗ್ತಾಳಂತ ನಿಮ್ಮ ಕಾಲು ಏಳವಲ್ದು."

ಮನೆಗೆ ಬಂದಾಗ "ಉಂಡಿಯೇನೋ" ಎನ್ನುವ ದನಿ ಇಲ್ಲದ ದಿನವನ್ನು ನಾನು ಕಂಡವನಲ್ಲ. ಹೆಸರಿನ ಆ ತಪ್ಪು ನನಗೆ ಇನ್ನೂ ಮೂರು ವಾರಗಳ ಅವ್ವನನ್ನು ಕೊಟ್ಟಿತ್ತು.

ಮರುದಿನವೇ ಹಟ್ಟಿಗೆ ಹೋಗಿ ರಾಜಾಬೀಯನ್ನು ಕರೆತಂದೆ. ತೀರಿಹೋದ ಅಪ್ಪ ಬಸ್ಸಪ್ಪನ ಹೆಸರನ್ನು ನಾಲ್ಕು ಸಲ ಓದಿಯೇ ಸಹಿ ಹಾಕಿಸಿದೆ. ಎಲ್ಲ ಸರಿಯಿದೆ ಎಂದು ಅಕ್ಕ ಹೇಳಿದ ಸಂಜೆ, ಅವ್ವನ ಮುಂದೆ ಕೂತು ಒಪ್ಪಿಕೊಂಡೆ.

"ಇಷ್ಟು ದಿನ ನಿನ್ನ ತಡದಾವ ನಾನೇ ಬೇ."

ಅವ್ವ ಬೈಯಲಿಲ್ಲ. ನನ್ನ ತಲೆ ಸವರಿದಳು.

"ನಿಂದೂ ಒಂದು ಹುಟ್ಟಿದ ಸರ್ಟಿಫಿಕೇಟ್ ಮಾಡಿಸಿಡು. ನಾ ಅಲ್ಲಿಗಿ ಹೋಗಿ ನಿನ್ನ ಕರಸ್ಕೋಬೇಕಂದ್ರ, ನೀ ನನ್ನ ಮಗ ಅಂತ ತೋರಿಸಬೇಕಲ್ಲ" ಎಂದಳು. ಸ್ವಲ್ಪ ಯೋಚಿಸಿ ಸೇರಿಸಿದಳು: "ಆದ್ರ ಅದನ್ನ ನೀ ಬರಸಬ್ಯಾಡಪಾ. ಸಂಘಮಿತ್ರಾಗ ಹೇಳು."