ಕೆಟ್ಟ ವೀಡಿಯೋಗೂ ಗಿರಾಕಿ ಇದ್ದಾರೆ

ಕೆಟ್ಟುಹೋದದ್ದನ್ನು ಎತ್ತಿ ಆಚೆ ಹಾಕುವುದು ಎಷ್ಟು ಕಷ್ಟ ಅನ್ನುವುದು, ಈ ಕೆಲಸಕ್ಕೆ ಸೇರಿದ ಮೇಲೆ ನನಗೆ ದಿನಕ್ಕೊಂದು ಸಲವಾದರೂ ಗೊತ್ತಾಗುತ್ತಿರುತ್ತದೆ.

ಕೆಲಸ ಕಡೂರಿನ ಒಂದು ಲೋಕಲ್ ಕೇಬಲ್ ಚಾನೆಲ್‌ನಲ್ಲಿ. ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ಉದ್ಘಾಟನೆ, ಸನ್ಮಾನ, ಅಂಗಡಿ ಪೂಜೆ ಎಲ್ಲದರ ವೀಡಿಯೋಗಳೂ ನಮ್ಮಲ್ಲಿ ಒಂದು ಸಾಫ್ಟ್‌ವೇರ್ ಒಳಗಿವೆ. ಹೆಸರು ಹಾಕಿ ಹುಡುಕಿದರೆ ಬೇಕಾದ ವೀಡಿಯೋ ಎದ್ದು ಬರಬೇಕು. ಅರ್ಧಕ್ಕರ್ಧ ಏಳುವುದಿಲ್ಲ. ಕರೆಂಟು ಹೋಗಿ ಬಂದು, ಮೆಮೊರಿ ಕಾರ್ಡು ಕೈಕೊಟ್ಟು ಕೆಟ್ಟಿವೆ. ಸಾಫ್ಟ್‌ವೇರ್ ಪೂರ್ತಿ ಇಂಗ್ಲಿಷಿನಲ್ಲಿದೆ, ನಾನು ಓದಿದ್ದು ಇಂಗ್ಲಿಷ್ ಮೀಡಿಯಂ, ಜೊತೆಗೆ ಜಾಸ್ತಿ ಮಾತಾಡುವುದಿಲ್ಲ. ಇಷ್ಟೇ ಅರ್ಹತೆ ನೋಡಿ ಓನರ್ ನನ್ನನ್ನು ತಾತ್ಕಾಲಿಕವಾಗಿ ಇಟ್ಟುಕೊಂಡರು.

"ಡಿಸ್ಕ್ ತುಂಬೋಗಿದೆ ಕಣಮ್ಮ. ಕೆಟ್ಟಿರೋ ಫೈಲೆಲ್ಲ ತೆಗೆದು ಜಾಗ ಮಾಡು. ಯುಗಾದಿ ಒಳಗೆ ಆದ್ರೆ ಕೆಲಸ ಖಾಯಂ. ಇಲ್ದಿದ್ರೆ ನೀನು ಬೇರೆ ಕಡೆ ನೋಡ್ಕೋಬೇಕಾಗುತ್ತೆ" ಎಂದರು.

ಮಷೀನಿಗೇ ಅನುಮಾನ

ಮೊದಲ ದಿನವೇ ಏನು ಮಾಡಿದರೂ ತೆರೆಯದ ಒಂದು ಫೈಲ್ ಸಿಕ್ಕಿತು. ಡಿಲೀಟ್ ಒತ್ತಿದೆ. ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ಹಿಂದೆ ಟೀ ಲೋಟ ಹಿಡಿದು ನಿಂತಿದ್ದ ಓನರ್ ಬಗ್ಗಿ ನೋಡಿದರು.

"ಏನಂತೆ ಅದು?"

"ಖಂಡಿತ ಅಳಿಸ್ಬೇಕಾ ಅಂತ ಕೇಳ್ತಿದೆ ಸರ್."

"ಕೇಳ್ತಿದೆಯಾ? ಅಂದ್ರೆ ಅದಕ್ಕೇ ಅನುಮಾನ ಇದೆ. ಬೇಡ, ಬೇಡ, ಕೈ ತೆಗಿ."

"ಎಲ್ಲ ಫೈಲಿಗೂ ಹಾಗೇ ಕೇಳುತ್ತೆ ಸರ್."

"ನೋಡ್ದಾ, ಎಲ್ಲದರ ಮೇಲೂ ಅನುಮಾನ! ಬೆಂಗಳೂರಿಂದ ತರಿಸಿರೋ ಮಷೀನು, ಸುಮ್ನೆ ಕೇಳುತ್ತಾ?"

ಅವತ್ತೇ ಹೊಸ ನಿಯಮ ಬಂತು. ವೀಡಿಯೋದಲ್ಲಿ ಯಾರಿದ್ದಾರೋ ಅವರ ಹತ್ತಿರ ಖುದ್ದಾಗಿ ಹೋಗಿ ಒಪ್ಪಿಗೆ ಪಡೆದೇ ಅಳಿಸಬೇಕು. ನಾನು ಧೈರ್ಯ ಮಾಡಿ ಕೇಳಿದೆ: "ಸರ್, ಈ ಫೈಲ್ ತೆರೆಯೋದೇ ಇಲ್ಲ. ಒಳಗೆ ಯಾರಿದ್ದಾರೆ ಅಂತ ಹೇಗೆ ಗೊತ್ತಾಗುತ್ತೆ?"

ಓನರ್ ಒಂದು ಗುಟುಕು ಟೀ ಕುಡಿದರು. "ಅದಕ್ಕೇ ಹೇಳಿದ್ದು, ದುಡುಕಬೇಡ ಅಂತ."

ಉಬ್ಬಿದ ಟಗರು

ಹಾಗಾಗಿ ಲ್ಯಾಪ್‌ಟಾಪ್ ಹೊತ್ತುಕೊಂಡು ಬಸ್ಸು ಹತ್ತಿದೆ. ಯಗಟಿಯ ಕುರಿ ಸಾಕುವ ಯಜಮಾನರೊಬ್ಬರ ಟಗರಿನ ವೀಡಿಯೋ ನಮ್ಮಲ್ಲಿತ್ತು. ಫೈಲ್ ಕೆಟ್ಟು ಚಿತ್ರವೆಲ್ಲ ಅಡ್ಡಡ್ಡ ಎಳೆದುಕೊಂಡು, ಟಗರು ಎಮ್ಮೆಯಷ್ಟು ಅಗಲವಾಗಿ ಕಾಣುತ್ತಿತ್ತು. ತೋರಿಸಿ, "ಅಳಿಸ್ಲಾ ಅಂಕಲ್?" ಎಂದೆ.

ಯಜಮಾನರು ಕಣ್ಣರಳಿಸಿದರು. "ಅಳಿಸೋದಾ? ಥೂ ಬಿಡ್ತು ಅನ್ನು! ಮೊದ್ಲು ನನ್ ಫೋನಿಗೆ ಹಾಕವ್ವ ಇದನ್ನ. ಇದನ್ನೇ ಸ್ಟೇಟಸ್ ಇಟ್ಕತೀನಿ. ಟಗರು ಮಾರಾಟ ಆಗೋಗಂಟ ನಿಮ್ಮಲ್ಲೂ ಇರ್ಲಿ."

"ಕೊಳ್ಳೋಕೆ ಬಂದವರು ನಿಜವಾದ ಟಗರು ನೋಡಿದ್ರೆ?"

"ನೋಡ್ಲಿ ಬಿಡು. ಬಿಸಿಲಿಗೆ ಸೊರಗೈತೆ ಅಂತೀನಿ."

ಹಸಿರು ಬಣ್ಣದ ತಮ್ಮ

ತರೀಕೆರೆಯಲ್ಲಿ ಅಣ್ಣ ತಮ್ಮ ಸೇರಿ ತೆರೆದಿದ್ದ ಬಟ್ಟೆ ಅಂಗಡಿಯ ಪೂಜೆಯ ವೀಡಿಯೋ. ಎಡಗಡೆ ಸರಿಯಾಗಿದೆ, ಬಲಗಡೆ ಅರ್ಧ ಪೂರ್ತಿ ಹಸಿರು. ನಾನು ಹೋಗುವ ಹೊತ್ತಿಗೆ ಅಣ್ಣ ತಮ್ಮ ಪಾಲಾಗಿ, ಅಂಗಡಿಯ ನಡುವೆ ಗೋಡೆ ಎದ್ದಿತ್ತು. ಅಣ್ಣ ನೋಡಿದರು.

"ಈ ಕಡೆ ನಾನು. ಆ ಹಸಿರಲ್ಲಿ ಯಾರಮ್ಮ?"

"ನಿಮ್ಮ ತಮ್ಮ ಇರ್ಬೇಕು ಸರ್."

ಅವರ ಮುಖ ಅರಳಿತು. "ಆಹಾ! ಎಷ್ಟು ಸರಿಯಾಗಿ ಕೆಟ್ಟಿದೆ ನೋಡು! ಕೋರ್ಟಿನ ಅಮೀನರು ನಿಂತು ಅಳತೆ ಮಾಡಿದ ಗೋಡೇನೇ ಅರ್ಧ ಅಡಿ ನನ್ನ ಕಡೆಗೆ ಬಂದಿದೆ. ಇದು ನ್ಯಾಯವಾಗಿ ನಡೂಮಧ್ಯಕ್ಕೆ ಕೆಟ್ಟಿದೆ. ಅಳಿಸಬೇಡ."

ಗೋಡೆಯಾಚೆಗೆ ಇದು ಕೇಳಿಸಿತು. ನಾನು ರಸ್ತೆಗಿಳಿಯುವಷ್ಟರಲ್ಲಿ ತಮ್ಮ ಅಡ್ಡ ಬಂದರು. "ಅವನ ಕಡೆ ಹಸಿರು ಮಾಡಿ, ನನ್ನ ಕಡೆ ಉಳಿಸಿರೋದು ಒಂದು ಕೊಡಮ್ಮ."

"ಹಾಗೆ ಬರಲ್ಲ ಸರ್."

"ಯಾಕೆ ಬರಲ್ಲ? ಪಾಲು ಅಂದ್ಮೇಲೆ ಇಬ್ಬರಿಗೂ ಸಮ ಬರ್ಬೇಕು. ಕೋರ್ಟಿಗೆ ಹೋಗ್ತೀನಿ!"

ಓನರ್‌ಗೆ ಫೋನ್ ಮಾಡಿದೆ. ಗಾಬರಿಯಾಗಿ ಹೇಳಿದರು: "ಆ ಫೈಲ್ ಮುಟ್ಟಲೇಬೇಡ. ತಕರಾರಿನಲ್ಲಿದೆ."

ನೀರು ಬರುವ ಮೊದಲು

ಯುಗಾದಿ ಹತ್ತಿರ ಬಂತು. ಒಂದು ಫೈಲೂ ಅಳಿಸಿರಲಿಲ್ಲ. ಮನೆಯಲ್ಲಿ ಆಗಲೇ ಅಮ್ಮ, "ಬಿ.ಎಡ್ ಮಾಡ್ಬಿಡೇ" ಅನ್ನಲು ಶುರು ಮಾಡಿದ್ದರು. ಕೊನೆಯ ಆಸೆಯೆಂದು ಅಜ್ಜಂಪುರದ ಮುಖಂಡರೊಬ್ಬರ ಮನೆಗೆ, ನಮ್ಮ ಕ್ಯಾಮೆರಾಮನ್ ಭಾಯಿಯ ಜೊತೆ ಹೋದೆ. ಶುದ್ಧ ಕುಡಿಯುವ ನೀರಿನ ಘಟಕದ ಉದ್ಘಾಟನೆಯ ದೊಡ್ಡ ಫೈಲದು. ಅದೊಂದು ಹೋದರೂ ಸಾಕಷ್ಟು ಜಾಗವಾಗುತ್ತಿತ್ತು. ಮುಖಂಡರು ಟೇಪು ಕತ್ತರಿಸುತ್ತಾರೆ, ಭಾಷಣ ಮಾಡುತ್ತಾರೆ, ಕೊಡ ಇಟ್ಟು ಗುಂಡಿ ಒತ್ತುತ್ತಾರೆ. ಅಲ್ಲಿಗೆ ನಿಂತುಹೋಗುತ್ತದೆ.

"ನೀರು ಬರೋ ಮೊದ್ಲೇ ಕೆಟ್ಟೋಯ್ತಾ?" ಮುಖಂಡರು ಪೇಚಾಡಿದರು. "ಎಲೆಕ್ಷನ್ ಬಂತಲ್ರೀ, ಇದನ್ನ ಹಾಕಿಸ್ಬೇಕಿತ್ತು. ಇರ್ಲಿ, ಇನ್ನೊಂದ್ಸಲ ಉದ್ಘಾಟನೆ ಮಾಡಿದ್ರಾಯ್ತು."

ಹೊರಗೆ ಬಂದ ಮೇಲೆ ಭಾಯಿ ನನ್ನ ಕಿವಿಯ ಹತ್ತಿರ ಹೇಳಿದರು: "ಫೈಲ್ ಕೆಟ್ಟಿಲ್ಲ ಮೇಡಂ. ಅವತ್ತು ನೀರೇ ಬರ್ಲಿಲ್ಲ, ಅದು ಅವ್ರಿಗೂ ಗೊತ್ತು. ನಾನೇ ಕ್ಯಾಮೆರಾ ನಿಲ್ಲಿಸ್ಬಿಟ್ಟೆ."

ಮರು ಉದ್ಘಾಟನೆಗೆ ಅದೇ ಅಂಗಿ, ಅದೇ ಅತಿಥಿಗಳು, ಅದೇ ಭಾಷಣ. ಉದ್ಘಾಟನೆಯಾದಂದಿನಿಂದ ಘಟಕಕ್ಕೆ ಬೀಗ ಬಿದ್ದಿತ್ತು. ಬೀಗದ ಕೈ ಯಾರ ಹತ್ತಿರವೂ ಇರಲಿಲ್ಲ, ಒಡೆದರು. ಸುಟ್ಟಿದ್ದ ಮೋಟರು ಬದಲಾಯಿಸಿದರು. ಮುಖಂಡರು ಗುಂಡಿ ಒತ್ತಿದರು. ಕೊಡಕ್ಕೆ ನೀರು ಧುಮುಕಿತು. ಅಷ್ಟರಲ್ಲಿ ಬೀದಿಯ ಹೆಂಗಸರೆಲ್ಲ ಕೊಡ ತಂದು ಸಾಲು ನಿಂತಿದ್ದರು. ಮತ್ತೆ ಬೀಗ ಹಾಕುವ ಧೈರ್ಯ ಯಾರಿಗೂ ಬರಲಿಲ್ಲ.

ಮುಖಂಡರು ಖುಷಿಯಾಗಿ ಓನರ್‌ಗೆ ಫೋನ್ ಮಾಡಿ ನನ್ನನ್ನು ಹೊಗಳಿದರು, ಹಳೆಯ ವೀಡಿಯೋ ಕೂಡ ಇರಲಿ ಎಂದರು. ಡಿಸ್ಕಿನಲ್ಲಿ ಜಾಗವಾಗುವ ಬದಲು ಇನ್ನೊಂದು ದೊಡ್ಡ ವೀಡಿಯೋ ಬಂದು ಕೂತಿತು. ಓನರ್ ಹೊಸ ಡಿಸ್ಕ್ ತಂದರು. ನನ್ನ ಕೆಲಸ ಖಾಯಂ ಆಯಿತು.

ಹಬ್ಬ ಕಳೆದ ಮೇಲೆ ಅಜ್ಜಂಪುರದ ಅದೇ ಬೀದಿಯ ಇಬ್ಬರು ಹೆಂಗಸರು ಬಸ್ಸು ಹಿಡಿದು ಆಫೀಸಿಗೆ ಬಂದರು.

"ಫೈಲ್ ಕೆಟ್ಟೈತೆ ಅಂತ ಹೇಳಾಕೆ ಬಂದಿದ್ದೋಳು ನೀನೇ ಅಲ್ವೇನವ್ವ?"

"ಹೌದು ಆಂಟಿ."

"ನಮ್ ಬೀದಿ ದೀಪ ಉದ್ಘಾಟನೆ ಮಾಡಿದ್ರಲ್ಲ, ಅವತ್ತು ಉರಿದಿದ್ದೇ ಕೊನೆ. ಆ ವೀಡಿಯೋ ಎಂಗೈತೆ ನೋಡು."

ತೆಗೆದು ತೋರಿಸಿದೆ. ಕನ್ನಡಿಯ ಹಾಗೆ ಸ್ವಚ್ಛವಾಗಿತ್ತು. "ಚೆನ್ನಾಗಿದೆ ಆಂಟಿ, ಏನೂ ಆಗಿಲ್ಲ."

ಇಬ್ಬರ ಮುಖವೂ ಬಾಡಿತು. "ಅಯ್ಯೋ ನಮ್ ಕರ್ಮವೇ. ಚರಂಡೀದು?"

"ಅದೂ ಚೆನ್ನಾಗಿದೆ."

ಅವರು ಮುಖ ಮುಖ ನೋಡಿಕೊಂಡರು. ಹಿರಿಯಾಕೆ ಕುರ್ಚಿ ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿದರು.

"ನೋಡು ತಾಯಿ, ಓದಿರೋಳು ನೀನು. ಚರಂಡೀದು ಬೇಕಾದ್ರೆ ಆಮೇಲಿರ್ಲಿ. ದೀಪದ್ದೊಂದು ಇವತ್ತೇ ಸ್ವಲ್ಪ ಕೆಡಿಸ್ಕೊಡು."