ಕುಡಿಯದವಳ ಮೂಗು, ಕೆಟ್ಟ ಬಿಳಿ ವೈನು

ವೈನ್ ಬಾಟಲಿ ಎದುರಿಗೆ ಬಂದರೆ ಸಾಕು, ಜನ ಗೊತ್ತಿಲ್ಲದ್ದನ್ನೂ ಗೊತ್ತು ಅನ್ನಲಿಕ್ಕೆ ಶುರು ಮಾಡುತ್ತಾರೆ. ಹೊಸಪೇಟೆಯ ಹೋಟೆಲೊಂದರಲ್ಲಿ ಸ್ಟೋರ್ ನೋಡಿಕೊಳ್ಳುವ ನನಗೆ ಇಂಥ ಪ್ರಸಂಗ ತಪ್ಪಿದ್ದೇ ಇಲ್ಲ. ನಾನು ಕಂಪ್ಲಿ ಹತ್ತಿರದ ಎಮ್ಮಿಗನೂರಿನವಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ, ನಮ್ಮಲ್ಲಿ ಯಾರೂ ಕುಡಿದವರಲ್ಲ. ಅಕ್ಕಿ, ಬೇಳೆ, ಎಣ್ಣೆ ನೋಡಿಕೊಳ್ಳುವ ಕೆಲಸ ಅಂತ ಸೇರಿದೆ. ಬೀಗದ ಕೈಗಳ ಗೊಂಚಲು ಕೊಟ್ಟಾಗ ಅದರಲ್ಲಿ ವೈನ್ ಕೋಣೆಯದೂ ಇತ್ತು.

೧. ಹಳೇ ಅಕ್ಕಿಯ ನ್ಯಾಯ

"ವೈನ್ ಹಳೇದಾದಷ್ಟು ಛಲೋ, ನೆನಪಿಟ್ಟುಕೋ," ಅಂದರು ಮ್ಯಾನೇಜರ್ ಮೊದಲ ದಿನವೇ. ಭತ್ತ ಬೆಳೆಯುವ ಕಂಪ್ಲಿ ಸೀಮೆಯವಳಿಗೆ ಇದನ್ನು ಬಿಡಿಸಿ ಹೇಳಬೇಕೇ? ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ಹಳೇ ಅಕ್ಕಿಯದು ಮಲ್ಲಿಗೆಯಂತೆ ಉದುರುತ್ತದೆ. ವೈನೂ ಅದೇ ಜಾತಿ ಇರಬೇಕು ಅಂದುಕೊಂಡೆ. ಬಿಳಿ ವೈನಿನ ಒಂದು ಪೆಟ್ಟಿಗೆಯನ್ನು ಯಾರ ಕೈಗೂ ಸಿಗದಂತೆ ಹಿಂದಿನ ಗೋಡೆಗೆ ಒತ್ತಿ, ಬಾಟಲಿಗಳನ್ನು ನೆಟ್ಟಗೆ ನಿಲ್ಲಿಸಿಟ್ಟೆ. ಗೋಡೆಯ ಆ ಕಡೆ ಅಡುಗೆಮನೆಯ ಒಲೆ ಉರಿಯುತ್ತಿತ್ತು. ಅದರ ಮೇಲೆ ಹೊಸಪೇಟೆಯ ಮೂರು ಬೇಸಿಗೆ ಕಳೆದವು.

ಹಂಪಿ ನೋಡಲು ಬಂದಿದ್ದ ವಿದೇಶಿ ಹೆಂಗಸೊಬ್ಬರು ಬಿಳಿ ವೈನ್ ಕೇಳಿದರು. ನಾನು ಹೆಮ್ಮೆಯಿಂದ ನನ್ನ ಗುಪ್ತನಿಧಿಯ ಬಾಟಲಿ ಕಳಿಸಿದೆ. ಗ್ಲಾಸಿಗೆ ಸುರಿದರೆ ಬಣ್ಣ ಚಹದ್ದು. ಆಕೆ ಒಮ್ಮೆ ಮೂಸಿ, ಮೂಗು ಮುರಿದು, ಗ್ಲಾಸನ್ನು ಮೆಲ್ಲಗೆ ದೂರ ಸರಿಸಿದರು. ಮ್ಯಾನೇಜರ್ ನನ್ನ ಮೇಲೆ ಹರಿಹಾಯ್ದರು.

"ಸರ್, ಹಳೇದಾದಷ್ಟು ಛಲೋ ಅಂತ ನೀವೇ ಹೇಳಿದ್ರಲ್ರಿ!"

"ಅದನ್ನ ನಾನು ಕೆಂಪು ವೈನಿಗೆ ಹೇಳಿದ್ದು!"

ಇಬ್ಬರ ನಡುವೆ ಬಂದ ಅಡುಗೆ ಭಟ್ಟರು ಆ ವೈನನ್ನು ನಾಲಿಗೆಗೆ ಹಚ್ಚಿ ನೋಡಿದರು. ಅವರ ಮುಖ ಅರಳಿತು. "ಮೇಡಂ, ಒಂದು ಹನೀನೂ ಚೆಲ್ಲಬ್ಯಾಡ್ರಿ. ಗೋಬಿ ಮಂಚೂರಿಗೆ ವಿನೆಗರ್ ತೀರಿತ್ತು!"

೨. ಮೂಸುವ ನೌಕರಿ

ಆ ದಿನವೇ ಹಟ ಹಿಡಿದೆ. ಕುಡಿಯುವುದಿಲ್ಲ, ಆದರೆ ಕೆಟ್ಟ ಬಾಟಲಿ ಇನ್ನೊಮ್ಮೆ ನನ್ನ ಕೋಣೆಯಿಂದ ಹೊರಗೆ ಹೋಗಕೂಡದು. ವೈನ್ ಕಂಪನಿಯಿಂದ ಒಬ್ಬರು ಕಲಿಸಲಿಕ್ಕೆ ಬಂದಾಗ ಮುಂದಿನ ಸಾಲಿನಲ್ಲಿ ಕೂತೆ. ಸಿಹಿಯಿಲ್ಲದ ಬಿಳಿ ವೈನುಗಳಲ್ಲಿ ಹೆಚ್ಚಿನವನ್ನು ಎರಡು ಮೂರು ವರ್ಷದೊಳಗೆ ಕುಡಿದು ಮುಗಿಸಬೇಕಂತೆ. ಹುಳಿ ಗಟ್ಟಿಯಾಗಿದ್ದು, ಒಳ್ಳೇ ಹದದಲ್ಲಿ ತಯಾರಾದ ಕೆಲವು ಮಾತ್ರ ಹತ್ತು ವರ್ಷ ದಾಟಿಯೂ ರುಚಿ ಏರಿಸಿಕೊಳ್ಳುತ್ತವಂತೆ. ಅವಕ್ಕೂ ತಂಪು ಬೇಕು, ಕತ್ತಲೆ ಬೇಕು, ಬಿರಡೆ ಒಣಗದಂತೆ ಬಾಟಲಿಯನ್ನು ಮಲಗಿಸಿಡಬೇಕು.

"ಈಗ ಬಾಯಿಗೆ ಹಾಕ್ಕೊಂಡು ಉಗಳ್ರಿ," ಅಂದರು ಅವರು.

"ಬಾಯಿಗೆ ಹಾಕಂಗಿಲ್ರಿ. ಮೂಸ್ತೀನಿ."

ನಕ್ಕರು. ನಾನು ಬಿಡಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ವಾಸನೆಗಳನ್ನು ನನ್ನ ಭಾಷೆಯಲ್ಲೇ ಬರೆದುಕೊಂಡೆ. ಮಳೆಗೆ ನೆಂದ ಗೋಣಿಚೀಲದ ವಾಸನೆ ಬಂದರೆ ಬಿರಡೆಯ ದೋಷ. ಕೊಯ್ದಿಟ್ಟು ಕಪ್ಪಾದ ಸೇಬಿನ ವಾಸನೆಯಾದರೆ ಒಳಗೆ ಗಾಳಿ ಹೊಕ್ಕಿದೆ. ಕುದಿಸಿದ ಹಣ್ಣಿನಂತಿದ್ದು ಬಿರಡೆ ಮೇಲೆದ್ದಿದ್ದರೆ ಬಿಸಿ ಹೊಡೆದಿದೆ. ಊರಿಗೆ ಹೋದಾಗಲೂ ಕಂಡದ್ದನ್ನೆಲ್ಲ ಮೂಸುತ್ತ ಓಡಾಡಿದೆ. ಗೋಣಿಚೀಲದೊಳಗೆ ತಲೆ ಹಾಕಿ ಕೂತವಳನ್ನು ನೋಡಿ ಅವ್ವ ಗಾಬರಿಯಾದಳು.

"ಏನ್ ಮಾಡಾಕ ಹತ್ತೀಯಲೇ?"

"ನೌಕರಿಗೆ ಬೇಕವ್ವ. ವೈನ್ ಮೂಸಿ ಕೆಟ್ಟೈತೋ ಇಲ್ಲೋ ಹೇಳಬೇಕು."

"ಮೂಸಿದ್ದಕ್ಕ ಪಗಾರ ಕೊಡ್ತಾರಾ?" ಅಂದಳು ಅವ್ವ. "ನಿಮ್ಮಪ್ಪ ಮದುವಿ ಆದಾಗಿಂದ ನನ್ನ ಸಾರು ಮೂಸಿ ಹೆಸರಿಡ್ತಾನ. ಅವಂಗೂ ಅಲ್ಲೇ ಒಂದು ನೌಕರಿ ನೋಡವ್ವ!"

೩. ಕಲ್ಲು ಓದುವವರು

ಹಂಪಿಯ ಬಂಡೆಗಳನ್ನು ಅಭ್ಯಾಸ ಮಾಡಲು ಭೂವಿಜ್ಞಾನದ ಪ್ರೊಫೆಸರೊಬ್ಬರು ಹೆಂಡತಿಯ ಜೊತೆ ಬಂದು ಉಳಿದಿದ್ದರು. ಒಂದು ಮಧ್ಯಾಹ್ನ ಊಟದ ಕೋಣೆಯಿಂದ ಪ್ರೊಫೆಸರರ ಕೂಗು: "ಗ್ಲಾಸಿನೊಳಗ ಗಾಜಿನ ಚೂರು! ನಾನು ನುಂಗೀನಿ! ಆಂಬುಲೆನ್ಸ್ ಕರೀರಿ ಜಲ್ದಿ!"

ಓಡಿದೆ. ಗ್ಲಾಸಿನ ತಳದಲ್ಲಿ ಸಣ್ಣ ಸಣ್ಣ ಹರಳುಗಳು ಮಿನುಗುತ್ತಿದ್ದವು. ಮೂಸಿದೆ. ವೈನ್ ಸ್ವಚ್ಛ, ನಿಂಬೆಹಣ್ಣಿನ ಸಿಪ್ಪೆಯಂಥ ಪರಿಮಳ.

"ಗಾಜಲ್ರಿ ಸರ್. ಹುಣಸೆಹಣ್ಣಿನೊಳಗ ಇರೋ ಹುಳೀನೇ ದ್ರಾಕ್ಷಿಯೊಳಗೂ ಇರ್ತೈತ್ರಿ. ಫ್ರಿಜ್ಜಿನ ತಂಪಿಗೆ ಹರಳುಗಟ್ಟೈತಿ. ವೈನ್ ಕೆಟ್ಟಿಲ್ಲ."

"ನನಗ ಹರಳಿನ ಪಾಠ ಹೇಳ್ತೀಯೇನಮ್ಮ? ನಾನು ಏನು ಕಲಿಸ್ತೀನಿ ಗೊತ್ತೈತಾ?"

ಮ್ಯಾನೇಜರ್ ಪ್ರೊಫೆಸರರ ಹಿಂದೆ ನಿಂತು, ಕ್ಷಮೆ ಕೇಳು ಅಂತ ಸನ್ನೆ ಮಾಡಿದರು. ಕೇಳಲಿಲ್ಲ. ಹರಳುಗಳನ್ನು ಚಮಚದಲ್ಲಿ ಎತ್ತಿ, ಒಂದು ಬಟ್ಟಲು ಕುದಿಯುವ ನೀರು ತರಿಸಿ, ಅದರಲ್ಲಿ ಹಾಕಿ ಕದಡಿದೆ. ಎಲ್ಲರೂ ಬಗ್ಗಿ ನೋಡುತ್ತಿದ್ದಂತೆ ಹರಳು ಕರಗಿ ಮಾಯವಾದವು. ಗಾಜು ಕರಗುವುದಿಲ್ಲ ಅಂತ ಪ್ರೊಫೆಸರಿಗೆ ಯಾರೂ ಹೇಳಬೇಕಾಗಲಿಲ್ಲ. ಗಂಟಲು ಸರಿ ಮಾಡಿಕೊಂಡು, "ಕಲ್ಲು ಓದೋ ಕಣ್ಣು ನಂದು. ನನಗ ಆಗಲೇ ಅನಿಸಿತ್ತು," ಅಂದರು.

ಹೆಂಡತಿ ರೊಟ್ಟಿ ಮುರಿಯುತ್ತಲೇ ಕೇಳಿದರು: "ಮತ್ತ ಆಂಬುಲೆನ್ಸ್ ಯಾರಿಗೆ ಕರೀರಿ ಅಂದ್ರಿ, ಕಲ್ಲಿಗಾ?"

೪. ಸಂಡೂರಿನ ಷೋಕೇಸ್

ಸಂಡೂರಿನಲ್ಲಿ ಲಾರಿಗಳ ಸಾಹುಕಾರರೊಬ್ಬರು. ಅವರ ಮನೆಯ ಮದುವೆ, ನಾಮಕರಣ ಎಲ್ಲ ನಮ್ಮ ಹೋಟೆಲಿನಲ್ಲೇ. ಅದಿರು ಭರಾಟೆಯಿಂದ ಸಾಗುತ್ತಿದ್ದ ಕಾಲದಲ್ಲಿ ಯಾರೋ ವಿದೇಶಿ ವ್ಯಾಪಾರಿ ಕೊಟ್ಟಿದ್ದ ಬಿಳಿ ವೈನ್ ಅವರ ಷೋಕೇಸಿನಲ್ಲಿತ್ತು. ಗಾಢ ಹಸಿರು ಬಾಟಲಿ. ತಮಗೆ ಅರವತ್ತು ತುಂಬುವ ದಿನ ಗೆಳೆಯರ ಎದುರಿಗೆ ಅದನ್ನು ತೆರೆಯಬೇಕು, ತಿಳಿದವರನ್ನು ಕಳಿಸಿ ಅಂತ ಫೋನ್ ಬಂತು. ಮ್ಯಾನೇಜರ್ ನನ್ನನ್ನೇ ಕಳಿಸಿದರು. ಹೊರಡುವಾಗ ಕೈ ಮುಗಿದರು: "ತಾಯಿ, ಏನೇ ಇದ್ರೂ ಛಲೋ ಐತಿ ಅನ್ನು. ಈ ಗಿರಾಕಿ ಹೋದ್ರ ನಂದೂ ನೌಕರಿ ಹೋತು, ನಿಂದೂ ಹೋತು."

ದಾರಿಯುದ್ದಕ್ಕೂ ಯೋಚಿಸಿದೆ. ಸುಳ್ಳು ಹೇಳುವುದಾದರೆ ಇಷ್ಟು ವರ್ಷ ಮೂಸಿದ್ದು ಯಾಕೆ? ಇದ್ದದ್ದನ್ನೇ ಹೇಳುವುದು ಅಂತ ಗಟ್ಟಿ ಮನಸ್ಸು ಮಾಡಿದೆ.

ಷೋಕೇಸ್ ಕಿಟಕಿಯ ಎದುರಿಗೇ ಇತ್ತು, ದಿನವೂ ಬಿಸಿಲು. ಬಾಟಲಿಯ ಮೇಲಿನ ತಗಡು ಸುತ್ತಲೂ ಹರಿದಿತ್ತು. ಬಿರಡೆಯನ್ನು ಯಾರೋ ಕೈಯಿಂದ ಒತ್ತಿದ ಹಾಗಿತ್ತು. ತೆಗೆದು ಗ್ಲಾಸಿಗೆ ಸುರಿದರೆ ಕಾಕಂಬಿಯಂಥ ಕಪ್ಪು. ಮೂಸಿದೆ. ಗೋಣಿಚೀಲವಲ್ಲ, ಸೇಬಲ್ಲ, ವಿನೆಗರೂ ಅಲ್ಲ. ಬೆಲ್ಲ, ಬೇರು, ಲವಂಗ. ಅಕ್ಕನ ಹೆರಿಗೆಯಾದಾಗ ದಿನಕ್ಕೆರಡು ಸಲ ನಾನೇ ಅಳೆದು ಕೊಟ್ಟಿದ್ದರ ವಾಸನೆ.

"ಸಾಹುಕಾರ್ರೇ, ಇದನ್ನ ಕುಡಿಯೋದು ಬ್ಯಾಡ್ರಿ. ಇದು ವೈನೇ ಅಲ್ಲ."

ಸಾಹುಕಾರರ ಹುಬ್ಬು ಗಂಟಾಯಿತು. "ಕುಡಿಯದಾಕಿಗೆ ಏನು ತಿಳೀತೈತಿ? ಸುರಿ ಎಲ್ಲರಿಗೂ."

ಸುರಿದೆ. ಒಬ್ಬರು ಕಣ್ಣು ಮುಚ್ಚಿ, "ಮಸ್ತ್!" ಅಂದರು. ಇನ್ನೊಬ್ಬರು, "ಹಳೇ ಮಾಲಿನ ಖದರೇ ಬ್ಯಾರೆ," ಅಂದರು. ಮೂರನೆಯವರು ಹಡಗಿನಲ್ಲಿ ಇಂಥದ್ದನ್ನೇ ಕುಡಿದಿದ್ದರಂತೆ. ಸಾಹುಕಾರರು ಎರಡನೇ ಗ್ಲಾಸ್ ಹಿಡಿದು, "ಕೇಳಿದೇನಮ್ಮ? ಈಗರ ಒಪ್ಕೋ," ಅಂದರು.

ಮ್ಯಾನೇಜರ್ ಕೈ ಮುಗಿದದ್ದು ನೆನಪಾಯಿತು. ಆದರೂ ಅಂದೆ: "ಒಪ್ಪಂಗಿಲ್ರಿ. ಇದು ವೈನ್ ಅಲ್ಲ."

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ಅವರ ಹೆಂಡತಿ ಹೊರಗೆ ಬಂದರು. "ಪಾಪ, ಆ ಹುಡುಗೀನ್ನ ಯಾಕ ಬೈತೀರಿ? ಆಕಿ ಹೇಳೋದು ಖರೇ ಐತಿ. ಷೋಕೇಸ್ ಒರೆಸುವಾಗ ಬಾಟಲಿ ಉರುಳಿ, ಬಿಸಿಲಿಗೆ ಮೇಲೆದ್ದಿದ್ದ ಬಿರಡಿ ಕಿತ್ತು, ವೈನೆಲ್ಲ ಚೆಲ್ಲಿಹೋತು. ನೀವು ಒದರಾಡ್ತೀರಿ ಅಂತ, ಮಗಳ ಬಾಣಂತನದಾಗ ಉಳಿದಿದ್ದ ದಶಮೂಲಾರಿಷ್ಟ ತುಂಬಿ ಇಟ್ಟಿದ್ದೆ."

ಗ್ಲಾಸುಗಳೆಲ್ಲ ಗಾಳಿಯಲ್ಲೇ ನಿಂತವು. ಹಡಗಿನ ಮಾತಾಡಿದವರು ತಮ್ಮದನ್ನು ಮೆಲ್ಲಗೆ ಕೆಳಗಿಟ್ಟರು.

ಆ ತಾಯಿ ಮಾತ್ರ ಸಮಾಧಾನದಿಂದ ಸೆರಗು ಸರಿಪಡಿಸಿಕೊಂಡು, "ಬಿಡಬ್ಯಾಡ್ರಿ, ಕುಡೀರಿ, ಕುಡೀರಿ," ಅಂದರು. "ಸೊಂಟ ಗಟ್ಟಿ ಆಗ್ತೈತಿ. ಎದಿಹಾಲೂ ಛಲೋ ಬರ್ತಾವ!"