ಎರಡು ಸೂಜಿ, ಒಬ್ಬ ಅಳಿಯ

ರಿಪೇರಿ ಕಿಟ್ಟಿನ ಪೊಟ್ಟಣದಿಂದ ಒಂದು ಸೂಜಿ ಉದುರಬೇಕಿತ್ತು, ಎರಡು ಉದುರಿದವು. ವೆಂಡೆಲ್‌ನ ಪಜೀತಿ ಶುರುವಾದದ್ದು ಅಲ್ಲಿಂದಲೇ.

ಅವನು ಶಾಲೆಯಲ್ಲಿ ಸಂಗೀತ ಕಲಿಸುವ ಮೇಷ್ಟ್ರು. ಎದುರಿಗೆ ಶೆಡ್ಡಿನ ಮೇಜಿನ ಮೇಲೆ ಮಾವ ಆರ್ವಿಡ್‌ನ ಎಪ್ಪತ್ತು ವರ್ಷದ ಟ್ರ್ಯಾಕ್ಟರಿನ ಕಾರ್ಬುರೇಟರು ಬಿಚ್ಚಿಕೊಂಡು ಬಿದ್ದಿತ್ತು. ಹೊರಗೆ ಜುಲೈ ನಾಲ್ಕರ ಬೆಳಗು, ಅಮೆರಿಕದ ಸ್ವಾತಂತ್ರ್ಯ ದಿನ. ಹನ್ನೊಂದಕ್ಕೆ ಊರಿನ ಮೆರವಣಿಗೆ. ಮೂವತ್ತೆಂಟು ವರ್ಷದಿಂದ ಬಾವುಟ ಕಟ್ಟಿಕೊಂಡು ಅದರ ಮುಂದೆ ಹೋಗುವುದು ಇದೇ ಟ್ರ್ಯಾಕ್ಟರು, ಓಡಿಸುವವನು ಇದೇ ಆರ್ವಿಡ್. ಎರಡು ವಾರದ ಹಿಂದೆ ಅದು ಕೆಟ್ಟು ನಿಂತಾಗ ಊರಿನ ಮೆಕ್ಯಾನಿಕ್‌ಗಳನ್ನೆಲ್ಲ ಬಿಟ್ಟು ಮುದುಕ ನೇರವಾಗಿ ಅಳಿಯನ ಮನೆಗೆ ಎಳೆಸಿಕೊಂಡು ಬಂದಿದ್ದ.

"ನೀನೇ ಮಾಡ್ಬೇಕು. ಬೇರೆ ಯಾರೂ ಮುಟ್ಟೋದು ಬೇಡ."

ಮದುವೆಯಾದ ಹನ್ನೊಂದು ವರ್ಷದಲ್ಲಿ ಮಾವ ಒಂದು ಸ್ಕ್ರೂಡ್ರೈವರನ್ನೂ ನಂಬಿ ಅವನ ಕೈಗೆ ಕೊಟ್ಟವನಲ್ಲ. ಆವತ್ತು ವೆಂಡೆಲ್ ಹಿಗ್ಗಿ ಒಪ್ಪಿಕೊಂಡಿದ್ದ.

ತರಿಸಿದ ಕಿಟ್ ಕೈಗೆ ಸಿಕ್ಕಿದ್ದೇ ನಿನ್ನೆ ಸಂಜೆ. ಮಾರುವವರು ನಾಲ್ಕೈದು ಬಗೆಯ ಕಾರ್ಬುರೇಟರಿಗೆ ಆಗುವುದನ್ನೆಲ್ಲ ಒಂದೇ ಪೊಟ್ಟಣಕ್ಕೆ ತುರುಕಿ ಕೈತೊಳೆದುಕೊಂಡಿದ್ದರು. ಪೆಟ್ರೋಲ್ ತಡೆಯುವ ಸೂಜಿ ಉದ್ದದ್ದೊಂದು, ಗಿಡ್ಡದ್ದೊಂದು. ವಾಷರ್ ಮೂರು. ಹಳೇ ಸೂಜಿ ನೋಡಿ ಹಾಕೋಣವೆಂದರೆ ಅದು ಎರಡನ್ನೂ ಹೋಲುತ್ತಿರಲಿಲ್ಲ. ಹಬ್ಬದ ದಿನ, ಅಂಗಡಿಗಳೆಲ್ಲ ಬಂದ್.

"ಅಪ್ಪ ಹತ್ತೂಕಾಲಿಗೆ ಬರ್ತಾರೆ. ಆಗತ್ತಾ?" ಹೆಂಡತಿ ಮಾರ್ಲಿಸ್ ಅಡುಗೆಮನೆ ಕಿಟಕಿಯಿಂದ ಕೂಗಿದಳು.

"ಓ, ಆಗತ್ತೆ!" ಎಂದ. ದನಿ ಮಾತ್ರ ಬೇರೆಯೇ ಹೇಳುತ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಡೆಲ್ಮರ್ ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಸಿಗರೇಟು ಹಿಡಿದು ಬೇಲಿ ದಾಟಿ ಬಂದ. "ಏನ್ ಮೇಷ್ಟ್ರೇ, ಯೋಚ್ನೆ? ಉದ್ದದ್ದು ಹಾಕ್ರೀ. ಕಣ್ಮುಚ್ಕೊಂಡು ಹಾಕ್ರೀ."

ವೆಂಡೆಲ್ ಹೆಚ್ಚುಕಡಿಮೆ ಕಣ್ಣು ಮುಚ್ಚಿಕೊಂಡೇ ಹಾಕಿ, ಕಾರ್ಬುರೇಟರನ್ನು ಟ್ರ್ಯಾಕ್ಟರಿಗೆ ಕೂರಿಸಿ ಹ್ಯಾಂಡಲ್ ತಿರುಗಿಸಿದ. ಎಂಜಿನ್ ಎರಡು ಸಲ ಕೆಮ್ಮಿ ತಣ್ಣಗಾಯಿತು. ಪೆಟ್ರೋಲ್ ಒಳಗೆ ಇಳಿಯುತ್ತಲೇ ಇಲ್ಲ. ಹ್ಯಾಂಡಲ್ ತಿರುಗಿಸಿ ತಿರುಗಿಸಿ ತೋಳು ಬಿದ್ದುಹೋಯಿತು.

"ಮೊದ್ಲು ಸ್ವಲ್ಪ ಮುನಿಸ್ಕೊಳತ್ತೆ. ಇನ್ನೊಂದೈವತ್ತು ಸಲ ತಿರುಗ್ಸಿ," ಎಂದ ಡೆಲ್ಮರ್, ಕಾಫಿ ಹೀರುತ್ತ.

ಎದುರುಮನೆಯ ಗಾರ್ನೆಟ್ ಅಜ್ಜಿ ರುಬಾರ್ಬ್ ದಂಟಿನ ಸಿಹಿಯ ತಟ್ಟೆ ಹಿಡಿದು ಬಂದಳು. ಗಂಡ ಸತ್ತ ಮೇಲೆ ನೂರೈವತ್ತು ಎಕರೆ ಒಬ್ಬಳೇ ಉತ್ತವಳು. "ಯಾವ ತಲೆಕೆಟ್ಟೋನು ಉದ್ದದ್ದು ಹಾಕು ಅಂದೋನು?"

ಡೆಲ್ಮರ್ ಸೂರು ನೋಡಿದ.

"ಗಿಡ್ಡದ್ದು ಹಾಕು ಮಗಾ. ನಾನು ಹೇಳ್ತಿದೀನಲ್ಲ!"

ಗಿಡ್ಡದ್ದು ಹಾಕಿದ. ಪೆಟ್ರೋಲ್ ಧಾರೆಯಾಗಿ ಮೆರವಣಿಗೆಗೆಂದು ಹಾಕಿಕೊಂಡಿದ್ದ ಬಿಳೀ ಬೂಟಿನ ಮೇಲೇ ಸುರಿಯಿತು.

"ಸಿಗರೇಟ್ ಆರ್ಸೋ ಡೆಲ್ಮರ್! ಇಲ್ಲಿಂದ್ಲೇ ಮೂರೂ ಜನದ ಹೆಣದ ಮೆರವಣಿಗೆ ಹೊರಡತ್ತೆ!" ಎಂದು ಅಜ್ಜಿ ಕಿರುಚಿದಳು.

ಆಮೇಲೆ ಅವರಿಬ್ಬರಿಗೂ ಜಗಳ ಹತ್ತಿತು, ಯಾರ ಸೂಜಿ ಸರಿ ಎಂದು. ಗಂಟೆ ಒಂಬತ್ತೂವರೆ. ಮಾವನ ಮುಖ ನೋಡುವುದು ಹೇಗೆ? ಜೀವಮಾನಕ್ಕೊಂದು ಸಲ ನಂಬಿದ ಮನುಷ್ಯ! ಪೆಟ್ರೋಲ್ ಒರೆಸಲು ಬಟ್ಟೆ ತೆಗೆದುಕೊಂಡು ಉಜ್ಜಿದ. ಕಾರ್ಬುರೇಟರಿನ ಹೊಟ್ಟೆಯ ಮೇಲಿದ್ದ ಜಿಡ್ಡು ಎದ್ದು ಅಲ್ಲೊಂದು ಅಚ್ಚೊತ್ತಿದ ನಂಬರು ಕಂಡಿತು. ಪೊಟ್ಟಣವನ್ನು ಕೊಡವಿದ. ತಳದಲ್ಲಿ ಮಡಚಿಟ್ಟ ಚೀಟಿಯಲ್ಲಿ ಅದೇ ನಂಬರು: ಗಿಡ್ಡ ಸೂಜಿ, ಕೆಳಗೆ ದಪ್ಪ ವಾಷರ್.

ಜಗಳ ಅದರ ಪಾಡಿಗೆ ನಡೆಯುತ್ತಿರಲು ಎರಡನ್ನೂ ಕೂರಿಸಿದ. ಒಂದೇ ಸಲ ತಿರುಗಿಸಿದ. ಎಂಜಿನ್ ಎದ್ದಿತು. ಒಂದು ಸ್ವರವೂ ಆಚೀಚೆಯಾಗದೆ ಶ್ರುತಿ ಹಿಡಿದು ಹಾಡಿತು. ವೆಂಡೆಲ್ ನಾಚಿಕೆ ಬಿಟ್ಟು ಅತ್ತುಬಿಟ್ಟ.

"ನಾನ್ ಹೇಳ್ಲಿಲ್ವಾ, ಗಿಡ್ಡದ್ದು!" ಎಂದಳು ಗಾರ್ನೆಟ್. ಅವಳೂ ಡೆಲ್ಮರೂ ಬೀದಿಯವರನ್ನೆಲ್ಲ ಕರೆಯಲು ಓಡಿದರು.

ಆರ್ವಿಡ್ ಹತ್ತೂಕಾಲಿಗೆ ಸರಿಯಾಗಿ ಕೋಲೂರಿಕೊಂಡು ಬಂದ. ಎಂಜಿನ್ನಿನ ಸದ್ದು ಕೇಳಿ ಶೆಡ್ಡಿನ ಬಾಗಿಲಲ್ಲೇ ನಿಂತ. ಮುಖದ ರಕ್ತ ಇಳಿದುಹೋಯಿತು.

"ಮಾವ, ಸರಿಹೋಯ್ತು!"

"ಆರ್ಸು," ಎಂದ ಮುದುಕ. "ಬಾಗ್ಲು ಹಾಕು."

ಬಾಗಿಲು ಹಾಕಿದ ಮೇಲೆ ಸ್ಟೂಲಿನ ಮೇಲೆ ಕುಸಿದು ಕೂತ. "ಹೋದ ವರ್ಷ ಬ್ರೇಕ್ ಮೇಲೆ ಕಾಲು ನಿಲ್ಲಲಿಲ್ಲ. ರಸ್ತೆಬದಿ ನಿಂತಿದ್ದ ಮಕ್ಕಳ ಮೇಲೆ ಹತ್ತಿಸ್ಬಿಡ್ತಿದ್ದೆ, ಕೂದಲೆಳೆಯಲ್ಲಿ ತಪ್ತು. ಯಾರ ಹತ್ರ ಹೇಳ್ಲಿ? ಮಾರ್ಲಿಸ್‌ಗೆ ಗೊತ್ತಾದ್ರೆ ನಾಳೇನೇ ಕಾರಿನ ಬೀಗದ ಕೈ ಕಿತ್ಕೊಳ್ತಾಳೆ. ಅದಕ್ಕೇ ಬೇಕಂತ್ಲೇ ಯಾವ್ದೋ ಸೂಜಿ ಹಾಕಿ ಕೆಡಿಸ್ದೆ."

"ಮತ್ತೆ ನನ್ನ ಹತ್ರ ಯಾಕೆ..."

"ಬೇರೆಯವ್ರು ಒಂದು ಗಂಟೇಲಿ ಸರಿ ಮಾಡ್ಬಿಡ್ತಿದ್ರು! ಇಡೀ ಜಿಲ್ಲೇಲಿ ಇದನ್ನ ರಿಪೇರಿ ಮಾಡಕ್ಕಾಗ್ದೇ ಇರೋನು ನೀನೊಬ್ನೇ ಅಂತ ನಂಬಿದ್ದೆ ಕಣಪ್ಪಾ. ನಂಬಿಕೆಗೆ ಹೀಗಾ ಮಾಡೋದು?"

ಹೊರಗೆ ಜನರ ಗಲಗಲ ಹತ್ತಿರವಾಗುತ್ತಿತ್ತು. ವೆಂಡೆಲ್ ಮುದುಕನ ಕೋಲು ನೋಡಿದ. ಸ್ಪ್ಯಾನರ್ ತೆಗೆದುಕೊಂಡು ಉದ್ದ ಸೂಜಿಗೆ ಕೈಹಾಕಿದ.

ಬಾಗಿಲು ತೆರೆದಾಗ ಬೀದಿಯೆಲ್ಲ ಅಲ್ಲಿ ನೆರೆದಿತ್ತು. ತಿರುಗಿಸಿದ. ಎಂಜಿನ್ ಎರಡು ಸಲ ಕೆಮ್ಮಿ ತಣ್ಣಗಾಯಿತು.

"ಏನಾಯ್ತೋ? ಈಗಿನ್ನೂ ಹಾಡ್ತಿತ್ತು!" ಗಾರ್ನೆಟ್ ಬಾಯಿಬಿಟ್ಟಳು.

"ಚೆನ್ನಾಗಿದ್ದದ್ದನ್ನ ಇನ್ನೂ ಸ್ವಲ್ಪ ಚೆನ್ನಾಗಿ ಮಾಡಕ್ಕೆ ಹೋದೆ," ಎಂದ ವೆಂಡೆಲ್, ನೆಲ ನೋಡುತ್ತ.

"ಅಯ್ಯೋ ನನ್ ಕರ್ಮವೇ," ಎಂದು ಮಾರ್ಲಿಸ್ ಹಣೆ ಹಿಡಿದುಕೊಂಡಳು. ಜನರೆಲ್ಲ ಒಟ್ಟಿಗೆ ನಿಟ್ಟುಸಿರಿಟ್ಟರು.

ಆರ್ವಿಡ್ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. "ಬೈಬೇಡಿ. ಪಾಪ, ಕೈಲಾದಷ್ಟು ಮಾಡಿದ್ದಾನೆ." ಅಳಿಯನ ಹೆಗಲ ಮೇಲೆ ಕೈಯಿಟ್ಟ. "ಟ್ರ್ಯಾಕ್ಟರ್ ಇಲ್ಲೇ ಇರ್ಲಿ. ಮುಂದಿನ ವರ್ಷದ ಮೆರವಣಿಗೆಗೂ ಇವನೇ ರಿಪೇರಿ ಮಾಡ್ಲಿ."

ಇಂಥ ದೊಡ್ಡ ಮನಸ್ಸಿನ ಮಾವ ಯಾರಿಗುಂಟು ಎಂದು ಊರವರು ಕಣ್ಣೊರೆಸಿಕೊಂಡರು.